ದ್ವೀಪಕ್ಕೆ ಹೊರಟವನ ಋಣ

ನಮ್ಮ ಹಿರಿಯರ ಮಾತಿನಲ್ಲಿ ದ್ವೀಪಾಂತರವೆಂಬುದು ಒಂದು ದಂಡನೆಯ ಹೆಸರಾಗಿತ್ತು. ನ್ಯಾಯಾಧೀಶನು ಅದನ್ನು ವಿಧಿಸಿದಾಗ ಅಪರಾಧಿಯು ಕೈಕೋಳ ತೊಟ್ಟು ಅಂಡಮಾನಿಗೆ ಹೋಗುತ್ತಿದ್ದನು. ಇಂದು ವಿದ್ಯಾವಂತನು ಅದೇ ದ್ವೀಪಾಂತರವನ್ನು ತಾನಾಗಿ ಬೇಡಿ, ಅರ್ಜಿ ಬರೆದು, ಸಂದರ್ಶನಕ್ಕೆ ಕುಳಿತು ಪಡೆದುಕೊಳ್ಳುತ್ತಾನೆ. ಪಡೆದ ದಿನ ಮನೆಯಲ್ಲಿ ಪಾಯಸವಾಗುತ್ತದೆ. ಇದರಲ್ಲಿ ನಗುವಂಥದೇನೂ ಇಲ್ಲ. ದಿನವೇತನದ ಅಧ್ಯಾಪಕನಾಗಿ ವರ್ಷಗಳನ್ನು ಕಳೆದವನಿಗೂ, ತಂಗಿಯ ಮದುವೆಯ ಸಾಲ ಹೊತ್ತವನಿಗೂ ಆ ಪಾಯಸದ ಸವಿ ಏನೆಂಬುದು ಗೊತ್ತು. ಹೋಗುವುದು ತಪ್ಪೆಂದು ಹೇಳುವುದಕ್ಕಾಗಿ ನಾನು ಈ ಬರಹವನ್ನು ಕೈಗೊಂಡಿಲ್ಲ. ಹೋಗುವವನು ಹೊರಡುವ ಮೊದಲು ಯಾವ ಪ್ರಶ್ನೆಗಳನ್ನು ಕೇಳಿಕೊಳ್ಳುತ್ತಾನೆ, ಯಾವುದನ್ನು ಕೇಳಿಕೊಳ್ಳದೆ ಬಿಡುತ್ತಾನೆ ಎಂಬುದಷ್ಟೇ ನನ್ನ ವಿಚಾರ.

ಒಂದು ನಿಜವಾದ ಉದಾಹರಣೆಯನ್ನು ಹಿಡಿದುಕೊಳ್ಳೋಣ. ಭಾರತದಿಂದ, ಅದರಲ್ಲಿಯೂ ಕೇರಳದಿಂದ, ಮಾಲ್ಡೀವ್ಸ್ ದ್ವೀಪರಾಷ್ಟ್ರಕ್ಕೆ ಅಧ್ಯಾಪಕರಾಗಿ ಹೋಗುವವರು ದಶಕಗಳಿಂದ ಇದ್ದಾರೆ. ಹೊರಡಲು ಸಿದ್ಧನಾಗುವವನ ಪ್ರಶ್ನೆಗಳು ಇವು: ಸಂಬಳವೆಷ್ಟು, ಅದನ್ನು ಊರಿಗೆ ಕಳುಹಿಸುವ ಬಗೆ ಹೇಗೆ? ವಸತಿಯನ್ನು ಕೊಡುವರೋ, ಬಾಡಿಗೆಯನ್ನು ನಾನೇ ತೆರಬೇಕೋ? ಮೀನು ತಿನ್ನದವನು ಅಲ್ಲಿ ಹೇಗೆ ಬದುಕುವುದು? ಮಾಲೆ ನಗರವೋ, ದೋಣಿಯಲ್ಲಿ ಗಂಟೆಗಟ್ಟಲೆ ಸಾಗಬೇಕಾದ ಹೊರದ್ವೀಪವೋ? ಎಲ್ಲವೂ ವಿವೇಕದ ಪ್ರಶ್ನೆಗಳೇ. ಆದರೆ ಎಲ್ಲವೂ ಹೋಗುವವನನ್ನೇ ಕುರಿತವು.

ನಮ್ಮ ಪ್ರಾಚೀನರೂ ಈ ವಿಷಯದಲ್ಲಿ ಭಿನ್ನರಾಗಿರಲಿಲ್ಲ. ಬೌಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಪಾತಕಗಳ ಸಾಲಿನಲ್ಲಿ ಎಣಿಸಿತು. ಕಡಲು ದಾಟಿದವನು ಕೆಡುವನೋ, ಪ್ರಾಯಶ್ಚಿತ್ತದಿಂದ ಶುದ್ಧನಾಗುವನೋ ಎಂಬ ಚರ್ಚೆ ಶತಮಾನಗಳ ಕಾಲ ನಡೆಯಿತು. ಆಚೆಯ ದಡದಲ್ಲಿರುವ ಜನಕ್ಕೆ ಇವನು ಹೋದುದರಿಂದ ಏನಾಗುವುದೆಂದು ಅಂದು ಯಾರೂ ಕೇಳಲಿಲ್ಲ. ಇಂದು ನಿಷೇಧವು ಹೋಗಿ ಉತ್ಸಾಹ ಬಂದಿದೆ. ಆ ಪ್ರಶ್ನೆ ಮಾತ್ರ ಇನ್ನೂ ಬಂದಿಲ್ಲ.

ಪಶ್ಚಿಮದ ತತ್ತ್ವಜ್ಞರಲ್ಲಿ ಕಾಂಟನು ಇದನ್ನು ನೇರವಾಗಿ ಎತ್ತಿಕೊಂಡನು. ಶಾಶ್ವತ ಶಾಂತಿಯನ್ನು ಕುರಿತು 1795ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅವನು ಹೇಳುವುದರ ಸಾರವಿದು: ಭೂಮಿಯು ಗೋಲವಾಗಿರುವುದರಿಂದ ಮನುಷ್ಯರು ಕೊನೆಯಿಲ್ಲದೆ ಚದುರಿಹೋಗಲಾರರು, ಒಬ್ಬರನ್ನೊಬ್ಬರು ಸಹಿಸಲೇಬೇಕು. ಆದುದರಿಂದ ಪರದೇಶಿಗೆ ವೈರಿಯೆನಿಸಿಕೊಳ್ಳದೆ ಬಂದುಹೋಗುವ ಹಕ್ಕುಂಟು. ಅಲ್ಲಿಯೇ ನಿಂತು ವಾಸಿಸುವ ಹಕ್ಕು ಹುಟ್ಟಿನಿಂದ ಬರುವುದಲ್ಲ. ಅದಕ್ಕೆ ಬೇರೆ ಒಪ್ಪಂದ ಬೇಕು. ವ್ಯಾಪಾರಕ್ಕೆಂದು ಹೋದ ಯುರೋಪಿನ ರಾಷ್ಟ್ರಗಳು ಪರರ ನಾಡನ್ನು ಕಾಣುವುದೂ ಗೆಲ್ಲುವುದೂ ಒಂದೇ ಎಂದೆಣಿಸಿದುದನ್ನು ಅವನು ಖಂಡಿಸಿದನು. ನಮ್ಮ ಅಧ್ಯಾಪಕನು ಗೆಲ್ಲಲು ಹೋಗುವವನಲ್ಲ. ಅವನ ಕೈಯಲ್ಲಿ ಒಪ್ಪಂದದ ಕಾಗದವೂ ಇದೆ. ಆದರೆ ವಾರಕ್ಕೆ ಎಷ್ಟು ಪಾಠ, ರಜೆ ಎಷ್ಟು ದಿನ ಎಂದು ಹೇಳುವ ಆ ಕಾಗದವು, ಅವನ ಮುಂದೆ ಕುಳಿತುಕೊಳ್ಳುವ ಮಗುವಿನ ನಾಲಗೆಯ ಮೇಲೆ ಯಾವ ಭಾಷೆಯಿದೆ ಎಂಬುದನ್ನು ಹೇಳುವುದಿಲ್ಲ.

ಆ ಭಾಷೆ ದಿವೇಹಿ. ಅದು ಸಿಂಹಳಕ್ಕೆ ಹತ್ತಿರದ ನಂಟು. ಲೋಕದಲ್ಲಿ ಅದನ್ನಾಡುವವರು ಬಹು ಸ್ವಲ್ಪ ಜನ. 2022ರ ಜನಗಣತಿಯ ಪ್ರಕಾರ ಮಾಲ್ಡೀವ್ಸಿನಲ್ಲಿ ವಾಸಿಸುವವರು ಐದು ಲಕ್ಷಕ್ಕೆ ತುಸು ಹೆಚ್ಚು. ಅವರಲ್ಲಿ ಸುಮಾರು ನಾಲ್ವರಲ್ಲೊಬ್ಬನು ಹೊರನಾಡಿನವನು. ಮಾಲೆಯ ಸರಕಾರಿ ಶಾಲೆಗಳಿಗೆ 1960ರ ದಶಕದ ಆರಂಭದಲ್ಲಿ ಇಂಗ್ಲಿಷ್ ಮಾಧ್ಯಮವು ಬಂದಿತು. ಕಾಲಕ್ರಮದಲ್ಲಿ ಹೊರದ್ವೀಪಗಳಿಗೂ ಹಬ್ಬಿತು. ಈಗ ದಿವೇಹಿಯಲ್ಲಿ ನಡೆಯುವುದು ಮುಖ್ಯವಾಗಿ ಆ ಭಾಷೆಯ ಪಾಠ ಮತ್ತು ಇಸ್ಲಾಂ ಧರ್ಮದ ಪಾಠ. ಗಣಿತ ವಿಜ್ಞಾನಗಳನ್ನು ಇಂಗ್ಲಿಷಿನಲ್ಲಿ ಕಲಿಸಲು ಮೊದಲು ಸಿಲೋನಿನಿಂದ, ಅನಂತರ ಭಾರತದಿಂದಲೂ ಅಧ್ಯಾಪಕರು ಬಂದರು. ಮಕ್ಕಳ ಬಾಯಿಂದ ದಿವೇಹಿ ಹಿಂದೆ ಸರಿಯುತ್ತಿದೆಯೆಂಬ ಅಳಲನ್ನು ಅಲ್ಲಿನವರೇ ತೋಡಿಕೊಳ್ಳುತ್ತಾರೆ.

ಈ ಅಳಲು ನಮಗೆ ಹೊಸದೇ? ಕಾಸರಗೋಡಿನ ಕನ್ನಡಿಗನು ಊರು ಬಿಟ್ಟು ಎಲ್ಲಿಗೂ ಹೋದವನಲ್ಲ. 1956ರ ನವೆಂಬರ್ 1ರಂದು ಗಡಿಯೇ ಅವನನ್ನು ದಾಟಿ ಹೋಯಿತು. (ಅಂದಿನವರೆಗೆ ಅಮೀನದಿವಿ ದ್ವೀಪಗಳೂ ಕಾಸರಗೋಡು ತಾಲೂಕೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು, ಒಂದೇ ದಿನ ಎರಡೂ ಅದರಿಂದ ಬೇರ್ಪಟ್ಟವು. ದ್ವೀಪವೆಂದರೆ ನಮಗೆ ಅಷ್ಟೇನೂ ದೂರದ ಮಾತಾಗಿರಲಿಲ್ಲ.) ಅಂದಿನಿಂದ ನಮ್ಮ ದೂರುಗಳಲ್ಲಿ ಎಂದೂ ಹಳತಾಗದ ದೂರು ಯಾವುದು? ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕನನ್ನು ನೇಮಿಸಿದ್ದಾರೆ ಎಂಬುದು. ಮಗುವಿಗೆ ತಿಳಿಯದುದನ್ನು ಮಗು ಕೇಳಲಾರದು, ಕೇಳಿದರೆ ಗುರುವಿಗೆ ಅರ್ಥವಾಗದು ಎಂದು ನಾವು ಮನವಿಗಳಲ್ಲಿ ಬರೆದಿದ್ದೇವೆ. ಶಾಲೆಯ ಬಾಗಿಲಲ್ಲಿ ಕುಳಿತು ಪ್ರತಿಭಟಿಸಿದ್ದೇವೆ. ಆ ಅಧ್ಯಾಪಕನು ಕೆಟ್ಟವನೆಂದು ನಾವು ಎಂದೂ ಹೇಳಿದ್ದಿಲ್ಲ. ಅವನಿಗೂ ಸಂಬಳ ಬೇಕಿತ್ತು, ನೇಮಕದ ಪತ್ರ ಬಂದಿತು, ಅವನು ಬಂದನು. ಅದೇ ನಮ್ಮವನು ದಿವೇಹಿಯ ಒಂದಕ್ಷರವನ್ನೂ ತಿಳಿಯದೆ ಒಂದು ಹವಳದ ದ್ವೀಪದ ತರಗತಿಗೆ ಹೊಕ್ಕು ನಿಂತಾಗ, ಆ ತಾಯಿತಂದೆಯರ ಕಣ್ಣಿಗೆ ಅವನು ಯಾರು?

ಇದಕ್ಕೆ ಒಂದು ಬಲವಾದ ಉತ್ತರವಿದೆಯೆಂದು ಬಲ್ಲೆ. ಅಲ್ಲಿ ಇಂಗ್ಲಿಷ್ ಮಾಧ್ಯಮವು ಆ ದೇಶದವರದೇ ಆಯ್ಕೆ. ನಮ್ಮನ್ನು ಕರೆದವರೂ ಅವರೇ. ಇಲ್ಲಿ ಕನ್ನಡ ಬಾರದವನ ನೇಮಕ ನಾವು ಕೇಳಿದುದಲ್ಲ. ಈ ವ್ಯತ್ಯಾಸವು ಸಣ್ಣದಲ್ಲ. ಕರೆದು ಬಂದವನಿಗೂ ಹೇರಲ್ಪಟ್ಟವನಿಗೂ ನ್ಯಾಯದ ತಕ್ಕಡಿಯಲ್ಲಿ ಒಂದೇ ತೂಕವಿಲ್ಲ. ಆದರೂ ಕರೆದವನು ಶಿಕ್ಷಣ ಇಲಾಖೆ, ಎದುರಿಗಿರುವುದು ಆರು ವರ್ಷದ ಮಗು. ಇಲಾಖೆಯ ಒಪ್ಪಿಗೆಯು ಮಗುವಿನ ತಬ್ಬಿಬ್ಬನ್ನು ಕಳೆಯುವುದಿಲ್ಲ. ಕಾಸರಗೋಡಿನ ನಮ್ಮ ವಾದವು ಎಂದೂ ಬರಿಯ ಆಡಳಿತದ ವಾದವಾಗಿರಲಿಲ್ಲ. ಮಗುವಿನ ಕಡೆಯಿಂದ ಆಡಿದ ವಾದವಾಗಿತ್ತು. ಮಗುವಿನ ಕಡೆಯಿಂದ ಆಡಿದ ಮಾತು ಗಡಿ ದಾಟಿದರೆ ಬದಲಾಗಬಾರದು.

ಬೇಡಿಕೆಯಿದ್ದು ಹೋದ ವಿದ್ವಾಂಸನ ಕಥೆ ಅಲ್ಲಿ ಹಳೆಯದೇ. ಹೊನ್ನಾವರ ಮಂಗಳೂರುಗಳನ್ನು ಕಂಡಿದ್ದ ಇಬ್ನ್ ಬತೂತನು 1343ರ ಸುಮಾರಿಗೆ ಆ ದ್ವೀಪಗಳಿಗೆ ಹೋದನು. ಶಾಸ್ತ್ರಬಲ್ಲವನು ಸಿಕ್ಕಿದನೆಂದು ಅವನನ್ನು ಅಲ್ಲಿ ಖಾಜಿಯನ್ನಾಗಿ ಮಾಡಿದರು. ಅವನು ಅಲ್ಲಿಯ ಹೆಂಗಸರ ಉಡಿಗೆಯನ್ನು ತಿದ್ದಲು ಹೊರಟು, ತನ್ನ ಕೈಲಾಗಲಿಲ್ಲವೆಂದು ತಾನೇ ಬರೆಸಿಟ್ಟು, ಸ್ವಲ್ಪ ಕಾಲದಲ್ಲಿ ದ್ವೀಪವನ್ನು ಬಿಟ್ಟನು. ಪ್ರವಾಸಕಥೆಯಾಗಿ ಅದು ಸ್ವಾರಸ್ಯವಾದುದು. ಕಲಿಯಲು ಏನೂ ಇಲ್ಲವೆಂದುಕೊಂಡು ಕಲಿಸಲು ಹೋಗುವವರ ಪೈಕಿ ಅವನು ಮೊದಲನೆಯವನೂ ಅಲ್ಲ, ಕೊನೆಯವನೂ ಅಲ್ಲ.

ಹೋದವನು ಇಲ್ಲಿ ಬಿಟ್ಟುಹೋದ ಶಾಲೆಯ ಮಾತನ್ನೂ ಕೆಲವರು ಎತ್ತುತ್ತಾರೆ. ಅಧ್ಯಾಪಕನು ಮಾತೃಭಾಷೆಗೆ ದ್ರೋಹ ಬಗೆದನೆಂಬ ಆ ಮಾತು ನನಗೆ ಒಪ್ಪಿಗೆಯಿಲ್ಲ. ಹಸಿದವನಿಗೆ ಭಾಷಾಭಿಮಾನದ ಉಪದೇಶ ಮಾಡುವುದು ಹೊಟ್ಟೆ ತುಂಬಿದವರ ವಿನೋದ.

ಋಣಕ್ಕೆ ಇನ್ನೊಂದು ಮುಖವಿದೆ. ಆ ದ್ವೀಪಗಳ ನೆಲದ ಬಹುಭಾಗವು ಕಡಲ ಮಟ್ಟಕ್ಕಿಂತ ಒಂದು ಮೀಟರಿನಷ್ಟೂ ಎತ್ತರವಿಲ್ಲ. ಹವಳದ ಮರಳಿನ ಕೆಳಗೆ, ಉಪ್ಪುನೀರಿನ ಮೇಲೆ ತೇಲುವ ತೆಳ್ಳನೆಯ ಸಿಹಿನೀರಿನ ಪದರವೇ ಬಾವಿಗೆ ಆಸರೆ. 2004ರ ಡಿಸೆಂಬರ್ 26ರ ಸುನಾಮಿಯು ಎಷ್ಟೋ ದ್ವೀಪಗಳಲ್ಲಿ ಅದನ್ನೂ ಉಪ್ಪಾಗಿಸಿತು. 2014ರ ಡಿಸೆಂಬರಿನಲ್ಲಿ ಮಾಲೆಯಲ್ಲಿ ಕಡಲನೀರನ್ನು ಸಿಹಿಗೊಳಿಸುವ ಸ್ಥಾವರಕ್ಕೆ ಬೆಂಕಿ ತಗಲಿದಾಗ, ಭಾರತವು ವಿಮಾನದಲ್ಲಿಯೂ ಹಡಗಿನಲ್ಲಿಯೂ ಕುಡಿಯುವ ನೀರನ್ನು ಕಳುಹಿಸಬೇಕಾಯಿತು. ಇಂಥಲ್ಲಿ ಅತಿಥಿಯು ಕುಡಿಯುವ ಪ್ರತಿಯೊಂದು ಲೋಟಕ್ಕೂ ಲೆಕ್ಕವಿದೆ. ನೀರು ಕೆಟ್ಟರೆ ಅತಿಥಿಗೆ ಹಿಂದಿರುಗುವ ದಾರಿಯುಂಟು, ಮನೆಯವನಿಗೆ ಇಲ್ಲ.

2008ರಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದ ಮೊಹಮ್ಮದ್ ನಶೀದರು, ಕಡಲೇರಿದರೆ ತಮ್ಮ ಜನ ಹೋಗಿ ನೆಲಸಲು ಪರದೇಶದಲ್ಲಿ ನೆಲ ಕೊಳ್ಳುವ ಯೋಚನೆಯನ್ನು ಲೋಕದ ಮುಂದಿಟ್ಟರು; ಅವರು ಹೆಸರಿಸಿದ ದೇಶಗಳಲ್ಲಿ ಭಾರತವೂ ಇತ್ತು. 2009ರ ಅಕ್ಟೋಬರ್ 17ರಂದು ಅವರ ಮಂತ್ರಿಮಂಡಲವು ಕಡಲ ತಳದಲ್ಲಿ ಸಭೆ ಸೇರಿದ ಚಿತ್ರವನ್ನು ನೆನೆಯುವವರು ಇನ್ನೂ ಇದ್ದಾರೆ. ಆ ಯೋಚನೆ ಅಲ್ಲಿಗೇ ನಿಂತಿತು. ಆದರೂ ಒಂದು ಕ್ಷಣ ಅದು ನಡೆದಿತ್ತೆಂದು ಭಾವಿಸಿ ನೋಡೋಣ. ನಾವು ಅಲ್ಲಿಗೆ ಹೊರಡಲು ಪೆಟ್ಟಿಗೆ ಕಟ್ಟುತ್ತಿರುವಾಗ, ಅವರ ಮಕ್ಕಳು ನಮ್ಮ ಕಡಲ ತೀರದ ಒಂದು ಶಾಲೆಗೆ ಬಂದಿದ್ದರೆ, ಆ ಮಕ್ಕಳಿಗೆ ಎಂಥ ಅಧ್ಯಾಪಕನು ಬೇಕೆಂದು ನಾವು ಹೇಳುತ್ತಿದ್ದೆವು? ಗಡಿನಾಡಿನ ಕನ್ನಡ ಶಾಲೆಯಲ್ಲಿ ಓದಿದ ಯಾವನಿಗಾದರೂ ಈ ಉತ್ತರಕ್ಕಾಗಿ ಹುಡುಕಬೇಕಾಗಿಲ್ಲ.

ಎರಡು ವರ್ಷದ ಒಪ್ಪಂದಕ್ಕೆ ಒಂದು ಭಾಷೆಯನ್ನು ಕಲಿಯುವುದು ದುಬಾರಿಯೆಂದು ಹೇಳುವವರುಂಟು. ಪಾಂಡಿತ್ಯವನ್ನು ಯಾರೂ ಕೇಳುತ್ತಿಲ್ಲ. ಹಸಿವು, ಹೊಟ್ಟೆನೋವು, ಹೆದರಿಕೆ, ಗೊತ್ತಾಗಲಿಲ್ಲ – ಈ ನಾಲ್ಕು ಮಾತುಗಳನ್ನು ಮಗು ತನ್ನ ನುಡಿಯಲ್ಲಿ ಆಡಿದಾಗ ತಿಳಿದರೆ ಮೊದಲ ತಿಂಗಳಿಗೆ ಸಾಕು. ನಮ್ಮ ಲಕ್ಷದ್ವೀಪದ ಮಿನಿಕಾಯ್‌ನವರು ಆಡುವುದೂ ಅದೇ ನುಡಿ. ಆದುದರಿಂದ ಅದು ಭಾರತಕ್ಕೆ ಪರಕೀಯವೂ ಅಲ್ಲ. ಅದರ ಲಿಪಿಗೆ ತಾನಾ ಎಂದು ಹೆಸರು. ಬಲದಿಂದ ಎಡಕ್ಕೆ ಬರೆಯುತ್ತಾರೆ. ಮೂಲಾಕ್ಷರಗಳು 24, ಅವುಗಳಲ್ಲಿ ಮೊದಲ ಒಂಬತ್ತು ಅರಬ್ಬೀ ಅಂಕೆಗಳಿಂದ ಬಂದವು, ಮುಂದಿನ ಒಂಬತ್ತು ದ್ವೀಪದವರ ಹಳೆಯ ಅಂಕೆಗಳಿಂದ. ವೀಸಾ ಕೈಸೇರುವವರೆಗೆ ಕಾದು ಕುಳಿತಿರುವ ಗಣಿತದ ಮಾಸ್ತರರಿಗೆ ಸಂಜೆಯ ಹೊತ್ತಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಬೇರೆ ಸಿಕ್ಕಲಾರದು.