ಸೀರಿಯಂ ಸುಟ್ಟರೆ ಉಳಿಯುವುದೇನು?

ವಿರಳ ಭಸ್ಮ ಲೋಹಗಳಲ್ಲಿ ನೆಲದಲ್ಲಿ ಹೆಚ್ಚು ಸಿಗುವುದು ಸೀರಿಯಂ. ಆಗತಾನೆ ಕತ್ತರಿಸಿದ ಮೈ ಬೆಳ್ಳಿಯಂತೆ ಹೊಳೆಯುತ್ತದೆ, ಗಾಳಿ ತಾಗಿದರೆ ಬೇಗ ಮಬ್ಬಾಗುತ್ತದೆ. ಅಲ್ಯೂಮಿನಿಯಂ ಮೇಲೆ ಕಟ್ಟುವ ಆಕ್ಸೈಡ್ ಪೊರೆ ಒಳಗಿನ ಲೋಹವನ್ನು ಕಾಯುತ್ತದೆ. ಸೀರಿಯಂ ಮೇಲಿನದು ಹೆಕ್ಕಳೆ ಎದ್ದು ಉದುರುತ್ತದೆ, ಹೊಸ ಮೈ ಮತ್ತೆ ಗಾಳಿಗೆ ಸಿಗುತ್ತದೆ. ತಣ್ಣೀರಿನೊಡನೆ ನಿಧಾನವಾಗಿ, ಬಿಸಿನೀರಿನೊಡನೆ ಜೋರಾಗಿ ವರ್ತಿಸಿ ಹೈಡ್ರೋಜನ್ ಬಿಡುತ್ತದೆ. ಸಾರರಿಕ್ತ ಆಮ್ಲದಲ್ಲಿ ಕರಗುತ್ತದೆ. ಸಿಗರೇಟ್ ಲೈಟರಿನ ಕಲ್ಲು ಗೀರಿದಾಗ ಹಾರುವ ಕಿಡಿಯೆಂದರೆ ಈ ಲೋಹದ ಚೂರು ಗಾಳಿಯಲ್ಲೇ ಹೊತ್ತಿಕೊಂಡದ್ದು. ಉರಿದ ಮೇಲೆ ಉಳಿಯುವುದು ತಿಳಿಹಳದಿ ಪುಡಿ.

ಅದರಲ್ಲಿ ಹೊಳಪಿಲ್ಲ, ಮಿದುತನವಿಲ್ಲ, ಬೆಂಕಿ ಹತ್ತುವ ಸ್ವಭಾವವೂ ಇಲ್ಲ. ಹಾಗಾದರೆ ಲೋಹ ನಾಶವಾಯಿತೇ, ಬರೀ ರೂಪ ಬದಲಿಸಿತೇ? ಬಾಗಲಕೋಟೆ ಜಿಲ್ಲೆಯ ಬೀಳಗಿ ಸೀಮೆಗೆ ಈ ಬಗೆಯ ಪ್ರಶ್ನೆ ಹೊಸದಲ್ಲ. ಪಕ್ಕದ ಮುಧೋಳದಲ್ಲಿ ಹುಟ್ಟಿದ ಕವಿ ರನ್ನ 993ರಲ್ಲಿ ‘ಅಜಿತಪುರಾಣ’ ಬರೆದದ್ದು ಜೈನ ದರ್ಶನದ ನೆಲೆಯಲ್ಲಿ. ಆ ದರ್ಶನದಲ್ಲಿ ಇರುವುದೆಲ್ಲಕ್ಕೂ ಉತ್ಪಾದ (ಹುಟ್ಟು), ವ್ಯಯ (ಅಳಿವು), ಧ್ರೌವ್ಯ (ನಿಲುವು) ಮೂರೂ ಒಟ್ಟಿಗೇ ಉಂಟು: ಪರ್ಯಾಯ, ಎಂದರೆ ರೂಪ, ಹುಟ್ಟಿ ಅಳಿಯುತ್ತದೆ; ದ್ರವ್ಯ, ಎಂದರೆ ಮೂಲವಸ್ತು, ನಿಲ್ಲುತ್ತದೆ. ಜೈನ ಆಚಾರ್ಯ ಸಮಂತಭದ್ರರ ‘ಆಪ್ತಮೀಮಾಂಸೆ’ ಇದಕ್ಕೆ ಕೊಡುವ ನಿದರ್ಶನ, ಚಿನ್ನದ ಕೊಡ ಕರಗಿಸಿ ಕಿರೀಟ ಮಾಡುವುದು. ನಿದರ್ಶನ ತುಸು ಸುಲಭದ್ದೇ. ಚಿನ್ನ ಗಾಳಿಗೂ ನೀರಿಗೂ ಜಗ್ಗದ ಲೋಹ. ಕಿರೀಟವಾದರೂ ಅದು ಚಿನ್ನವೆಂದು ಕಣ್ಣಿಗೇ ಕಾಣುತ್ತದೆ. ಸಿದ್ಧಾಂತವನ್ನು ನಿಜವಾಗಿ ಒರೆಗೆ ಹಚ್ಚುವುದು ಸೀರಿಯಂ.

ಅಲ್ಲಿಯೂ ಸಿದ್ಧಾಂತ ಸೋಲುವುದಿಲ್ಲ. ಪುಡಿಯನ್ನು ಫ್ಲೋರೈಡ್ ಆಗಿಸಿ ಕ್ಯಾಲ್ಸಿಯಂ ಜೊತೆ ಕಾಯಿಸಿದರೆ ಅದೇ ಲೋಹ ಮರಳಿ ಬರುತ್ತದೆ. ನಿಂತದ್ದು ಪರಮಾಣುವಿನ ನಡುವಿನ 58 ಪ್ರೋಟಾನುಗಳು. ಬದಲಾದದ್ದು ಹೊರಗಿನ ನಾಲ್ಕು ಎಲೆಕ್ಟ್ರಾನುಗಳ ಬಂಧ. ಗುಣಗಳೂ ಬರೀ ಅಳಿದಿಲ್ಲ, ಹೊಸವೂ ಹುಟ್ಟಿವೆ. ಹಿಂದೆ ಶ್ರೀಕೃಷ್ಣ ಪಾರಿಜಾತದ ಬಯಲಾಟಕ್ಕೆ ಹಚ್ಚುತ್ತಿದ್ದ ಗ್ಯಾಸ್‌ಬತ್ತಿಯ ಮ್ಯಾಂಟಲ್‌ನಲ್ಲಿ ಥೋರಿಯಂ ಆಕ್ಸೈಡಿನೊಡನೆ ಶೇಕಡಾ 1ರಷ್ಟು ಇದೇ ಪುಡಿ ಇರುತ್ತಿತ್ತು. ತಾನು ಉರಿಯದೆ ಬೆಳಗುತ್ತಿತ್ತು.

ಪರಮಾಣುಗಳನ್ನು ಒಪ್ಪುವ ಇನ್ನೊಂದು ದರ್ಶನದವರಾದ ವೈಶೇಷಿಕರ ತಕರಾರು ಬೇರೆ. ಅವರ ಪ್ರಕಾರ ಪೃಥ್ವಿಯ ಪರಮಾಣು ಕಾವಿಗೆ ಬಣ್ಣ ಬದಲಿಸೀತು, ಎಂದೂ ನೀರಿನದಾಗದು. ಜೈನರಿಗೆ ಪುದ್ಗಲದ (ಜಡವಸ್ತುವಿನ) ಪರಮಾಣುಗಳೆಲ್ಲ ಒಂದೇ ಜಾತಿ. ಯಾವುದೂ ಯಾವುದಾದರೂ ಆಗಬಹುದು. ಹಿಂದಿನವರಿಗೆ ಇಂದಿನ ರಸಾಯನಶಾಸ್ತ್ರ ಗೊತ್ತಿತ್ತೆಂದು ಇದರಿಂದ ಹೇಳಿದರೆ ಅದು ಬಡಾಯಿ. ಆದರೂ ಯಾರ ವಾದ ಎಲ್ಲಿ ನಿಲ್ಲುತ್ತದೆಂದು ಅಳೆಯಲು ಸೀರಿಯಂ ಸಾಕು. ಗಾಳಿ, ನೀರು, ಆಮ್ಲಗಳ ಮಟ್ಟದಲ್ಲಿ ವೈಶೇಷಿಕರ ಮಾತು ನಿಲ್ಲುತ್ತದೆ: ಏನೇ ಕೂಡಿಸಿದರೂ ಸೀರಿಯಂ ಬೇರೊಂದು ಧಾತುವಾಗುವುದಿಲ್ಲ. ಪರಮಾಣು ರಿಯಾಕ್ಟರಿನಲ್ಲಿ ನಿಲ್ಲುವುದು ಜೈನರ ಮಾತು. ಅಲ್ಲಿ ಯುರೇನಿಯಂ ಒಡೆದು ಸೀರಿಯಂ-144 ಹುಟ್ಟುತ್ತದೆ. ಸುಮಾರು 285 ದಿನಗಳಲ್ಲಿ ಅದರ ಅರ್ಧ ಭಾಗ ಪ್ರೇಸಿಯೋಡಿಮಿಯಂ ಆಗಿ ಮಾರ್ಪಡುತ್ತದೆ.