ಹೊರುವ ಬಲ

ಮೈ ಕೂರಿಸಿ ಬಣ್ಣ ಬಳಿಯುವ ಮುನ್ನ ಕಾರೆಂದರೆ ಚಾಸಿಯೇ. ಉದ್ದನೆಯ ಎರಡು ಉಕ್ಕಿನ ತೊಲೆ, ನಡುವೆ ಅಡ್ಡಪಟ್ಟಿ, ಎಂಜಿನ್ನು, ಗಾಲಿ, ಬಸ್ಸಿನವರು ಪಾಟಾ ಎನ್ನುವ ಪದರ ಪದರದ ಸ್ಪ್ರಿಂಗು. ನೂರು ವರ್ಷದ ಹಿಂದೆ ರೋಲ್ಸ್ ರಾಯ್ಸ್ ಕಂಪನಿ ಮಾರುತ್ತಿದ್ದುದು ಇಷ್ಟನ್ನೇ. ಮೇಲಿನ ಮೈ ಕಟ್ಟುವ ಕುಶಲಿಗಳು ಬೇರೆಯೇ ಇದ್ದರು.

1911ರಲ್ಲಿ ಆ ಕಂಪನಿಯ ಒಂದು ಸಿಲ್ವರ್ ಘೋಸ್ಟ್ ಕಾರು ಲಂಡನ್ನಿನಿಂದ ಎಡಿನ್‌ಬರೋಗೆ ಹೋಗಿ ಮರಳಿತು, ಇಡೀ ದಾರಿ ಟಾಪ್ ಗೇರಿನಲ್ಲೇ. ಹಿಂದಿನ ಪಾಟಾದ ನಡುವನ್ನು ಚಾಸಿಗೆ ಹಿಡಿಸಿ ತುದಿಯನ್ನು ಅಚ್ಚಿಗೆ ಚಾಚಿದ ಹೊಸ ಜೋಡಣೆ ಅದರಲ್ಲಿತ್ತು. ಹಗುರವಾದ ಮೈ ತೊಡಿಸಿದಾಗ ಅದೇ ಬಗೆಯ ಕಾರು ಬ್ರೂಕ್‌ಲ್ಯಾಂಡ್ಸ್ ಪಥದಲ್ಲಿ ಗಂಟೆಗೆ 101 ಮೈಲಿ ವೇಗ ಮುಟ್ಟಿತು.

ಅದೇ ಹೊತ್ತಿಗೆ ಕಲಬುರಗಿಯ ನಮ್ಮನ್ನು ಆಳುತ್ತಿದ್ದ ಹೈದರಾಬಾದಿನ ನಿಜಾಮ ಮಹಬೂಬ್ ಅಲಿ ಖಾನ್ ಇನ್ನೊಂದು ಸಿಲ್ವರ್ ಘೋಸ್ಟ್ ತರಿಸಿದ. ಲಂಡನ್ನಿನ ಬಾರ್ಕರ್ ಕಂಪನಿ ಅದರ ಮೇಲೆ ಹಳದಿ ಮೈ ಕಟ್ಟಿ, ಹಿಂದೆ ಎತ್ತರದ ಸಿಂಹಾಸನ ಕೂರಿಸಿತು. ಕಾರು ಕೈಸೇರುವ ಮೊದಲೇ ಆತ ತೀರಿಕೊಂಡ. ಮಗ ಉಸ್ಮಾನ್ ಅಲಿ ಖಾನನ ಕಾಲದಲ್ಲೂ ಅದು ಓಡಿದ್ದು ಕೆಲವೇ ನೂರು ಮೈಲಿ. ಈಗ ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿದೆ.

1914ರ ಯುದ್ಧ ಬಂದಾಗ ಇದೇ ಬಗೆಯ ಚಾಸಿಗೆ ಹಿಂದಿನ ಪಾಟಾ ಬಲಪಡಿಸಿ, ಉಕ್ಕಿನ ಕವಚ ಹೊದಿಸಿ, ಮೆಷಿನ್ ಗನ್ ಹೂಡಿದರು. ಆ ಭಾರ ಹೊತ್ತು ಅದು ಮರುಭೂಮಿಯಲ್ಲಿ ಓಡಿತು.

ಸಿಂಹಾಸನವಾಗಲಿ ಗನ್ನಾಗಲಿ, ಉಕ್ಕು ಏನು ಹೊತ್ತೆ ಎಂದು ಕೇಳಿಕೊಳ್ಳುವುದಿಲ್ಲ, ಕೇಳಿಕೊಳ್ಳಬೇಕಾದವರು ನಾವು. ಕಾಣದೆ ದುಡಿಯುವುದನ್ನೇ ದೊಡ್ಡ ಗುಣವೆಂದು ಹೊಗಳುವುದು ನನಗೆ ಸಾಲದೆನಿಸುತ್ತದೆ. ಕಚೇರಿಯಲ್ಲಿ, ಮನೆಯಲ್ಲಿ, ಪಕ್ಷಗಳಲ್ಲಿ ಎಷ್ಟೋ ಗಟ್ಟಿ ಜನ ಯಾರದೋ ಸಿಂಹಾಸನ ಹೊತ್ತೇ ಸವೆಯುತ್ತಾರೆ. ಅವರ ನಿಷ್ಠೆ ನಿಜ, ಕಸುಬು ನಿಜ. ಹೊರೆಯನ್ನು ಮಾತ್ರ ಆರಿಸಿಕೊಂಡವರು ಅವರಲ್ಲ.

ದುಡಿಮೆ ಯಾರಿಗಾಗಿ ಎಂಬ ಪ್ರಶ್ನೆ ನಮ್ಮಲ್ಲಿ ಹೊಸದಲ್ಲ. ಕಲಬುರಗಿಯ ಬ್ರಹ್ಮಪುರದಲ್ಲಿ ಗುಡಿಯಿರುವ ಶರಣಬಸವೇಶ್ವರರು ಅರಳಗುಂಡಗಿಯಲ್ಲಿ ಒಕ್ಕಲುತನ ಮಾಡಿದವರು. ಕಾಳು ತಿನ್ನಲು ಬಂದ ಹಕ್ಕಿಗಳನ್ನು ಓಡಿಸಲಿಲ್ಲ ಎಂದು ಜನ ಇಂದಿಗೂ ಹೇಳುತ್ತಾರೆ. ದುಡಿದದ್ದು ದಾಸೋಹಕ್ಕೆ ಸೇರಬೇಕೆಂಬುದು ಅವರ ದಾರಿ. ಕಾಯಕದ ಮುಂದೆಯೇ ಯಾರಿಗಾಗಿ ಎಂಬ ಪ್ರಶ್ನೆಯನ್ನೂ ಶರಣರು ಇಟ್ಟರು.

ಚೌಮಹಲ್ಲಾದಲ್ಲಿ ಆ ಕಾರನ್ನು ನೋಡಲು ಹೋಗುವ ನಮ್ಮ ಮಕ್ಕಳಿಗೆ ಬಾರ್ಕರ್ ಕಂಪನಿಯ ಕೈಚಳಕದ ಜೊತೆ ಇನ್ನೊಂದನ್ನೂ ಹೇಳಬೇಕು: 1948ರವರೆಗೆ ಕಲಬುರಗಿ ನಿಜಾಮರ ಸಂಸ್ಥಾನದ ಜಿಲ್ಲೆ. ಅದರ ಬೊಕ್ಕಸ ತುಂಬಿದ ಕಂದಾಯದಲ್ಲಿ ಇಲ್ಲಿನ ಎರೆಹೊಲಗಳ ಜೋಳದ ಪಾಲೂ ಇತ್ತು.