ಅಂಜಿಕಿ ಇದ್ದಾಂವ ಯಾಕ ಬಂದಿ?

ಜೀವಭಯದಿಂದ ನೆಲ ಬಿಟ್ಟವರಿಗೆ ಎರಡು ಸಲ ವಿಚಾರಣೆ ನಡೆಯುತ್ತದೆ. ಮೊದಲನೆಯದು ಓಡಿಬಂದ ದಿನ: ‘ನಿನಗ ಖರೇನ ಅಂಜಿಕಿ ಇತ್ತೇನು? ಸಾಕ್ಷಿ ಕೊಡು.’ ಎರಡನೆಯದು ಎಷ್ಟೋ ವರ್ಷಗಳ ಮೇಲೆ, ಬಿಟ್ಟ ನೆಲಕ್ಕೆ ಅವರು ನಾಲ್ಕು ದಿನ ಹೋದಾಗ: ‘ಅಂಜಿಕಿ ಇದ್ದಾಂವ ಯಾಕ ಬಂದಿ?’ ಈ ಎರಡನೆಯ ಪ್ರಶ್ನೆಯನ್ನು ದೇಶದೇಶಗಳ ಸರಕಾರಗಳು ಕೇಳುತ್ತವೆ. ನಮ್ಮ ಹಳ್ಳಿಯ ಚಾವಡಿಯೂ ಕೇಳುತ್ತದೆ. ಆದ್ದರಿಂದ ಗೆಳೆಯರೆ, ಇದನ್ನು ನಾವು ಬಿಚ್ಚಿ ನೋಡಬೇಕಾಗಿದೆ.

ಮೊದಲು ಸರಕಾರಗಳ ಮಾತು. 1951ರ ನಿರಾಶ್ರಿತರ ಒಪ್ಪಂದದಲ್ಲೇ ಒಂದು ಶರತ್ತಿದೆ. ನಿರಾಶ್ರಿತನು ತಾನಾಗಿ ತನ್ನ ದೇಶದ ರಕ್ಷಣೆಗೆ ಮರಳಿದರೆ, ಇಲ್ಲವೆ ಅಲ್ಲಿಯೇ ಹೋಗಿ ಮತ್ತೆ ನೆಲೆಸಿದರೆ, ಅವನ ಆಶ್ರಯ ಮುಗಿಯುತ್ತದೆ. ಜರ್ಮನಿಯ ಸಂಸತ್ತು 2024ರ ಅಕ್ಟೋಬರ್‌ನಲ್ಲಿ ಇದನ್ನು ಇನ್ನೂ ಬಿಗಿ ಮಾಡಿತು: ತೀರ ಅನಿವಾರ್ಯವಾದ ನೈತಿಕ ಕಾರಣವಿಲ್ಲದೆ ತವರು ದೇಶಕ್ಕೆ ಹೋಗಿಬಂದವನು ಆಶ್ರಯ ಕಳೆದುಕೊಳ್ಳಬಹುದು.

ಇದರಲ್ಲಿ ನ್ಯಾಯವೇ ಇಲ್ಲವೆಂದು ನಾವು ಹೇಳುವುದಿಲ್ಲ. ಆಶ್ರಯವೆಂಬುದು ಒಂದು ಮಾತು ಕೊಟ್ಟ ಹಾಗೆ. ಬಾಗಿಲ ಹೊರಗೆ ಇನ್ನೂ ಸಾವಿರಾರು ಜನ ನಿಂತಿದ್ದಾರೆ. ಭಯವೆಂದು ಹೇಳಿ ಒಳಗೆ ಬಂದವನು ವ್ಯಾಪಾರಕ್ಕೆಂದು, ಮೋಜಿಗೆಂದು ಅಲ್ಲಿಗೇ ಓಡಾಡಿದರೆ ಹೊರಗೆ ನಿಂತವರ ಮಾತಿಗೂ ಬೆಲೆ ಕಡಿಮೆಯಾಗುತ್ತದೆ. ಪ್ರಶ್ನೆ ಕೇಳುವುದು ತಪ್ಪಲ್ಲ. ಹೋಗಿಬಂದನೆಂಬ ಒಂದೇ ಸಂಗತಿಯಿಂದ ಉತ್ತರವನ್ನೂ ತಾವೇ ಬರೆದುಕೊಳ್ಳುವುದು ತಪ್ಪು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ 1979ರಲ್ಲಿ ತಂದ ಕೈಪಿಡಿಯೇ ಈ ಭೇದ ಮಾಡುತ್ತದೆ: ಮುಪ್ಪಾದ, ಜಡ್ಡಾದ ತಂದೆತಾಯಿಯನ್ನು ನೋಡಲು ಹೋಗುವುದು ಬೇರೆ, ರಜೆಗೂ ವ್ಯವಹಾರಕ್ಕೂ ಮತ್ತೆ ಮತ್ತೆ ಹೋಗುವುದು ಬೇರೆ. ಅವ್ವನ ಮಣ್ಣಿಗೆ ಹೋದವನ ಎದೆಯಲ್ಲಿ ಅಂಜಿಕೆ ಸತ್ತಿರುವುದಿಲ್ಲ. ಅಂಜಿಕೆಯನ್ನು ಕಟ್ಟಿಕೊಂಡೇ ಅವನು ಹೋಗಿರುತ್ತಾನೆ.

ಇದು ದೂರದ ಮಾತಲ್ಲ. ಟಿಬೇಟಿನಲ್ಲಿ 1959ರ ಮಾರ್ಚಿನ ದಂಗೆ ಅಡಗಿದ ಮೇಲೆ ಓಡಿಬಂದವರಿಗೆ ನಮ್ಮ ರಾಜ್ಯ ನೆಲ ಕೊಟ್ಟಿತು. 1960ರಲ್ಲಿ ಬೈಲಕುಪ್ಪೆಯ ವಸತಿ ಶುರುವಾದಾಗ ಮೈಸೂರು ರಾಜ್ಯದ ಮುಖ್ಯಮಂತ್ರಿ ನಮ್ಮ ಜಮಖಂಡಿ ತಾಲೂಕಿನ ಸಾವಳಗಿಯ ಬಿ. ಡಿ. ಜತ್ತಿ. ಮುಂದೆ ಮುಂಡಗೋಡ, ಕೊಳ್ಳೇಗಾಲಗಳ ಕಡೆಗೂ ಅವರ ವಸತಿಗಳು ಬಂದವು. 1951ರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಹಾಕದೆಯೂ ನೆಲ ಕೊಟ್ಟಿತು. 1979ರ ನಂತರ ಚೀನಾ ಬಾಗಿಲನ್ನು ಸ್ವಲ್ಪ ಸಡಿಲಿಸಿದಾಗ ಇಪ್ಪತ್ತು ವರ್ಷ ಮುಖ ಕಾಣದ ಅಣ್ಣತಮ್ಮಂದಿರನ್ನು ನೋಡಲು ಕೆಲವರು ಹೋಗಿಬಂದರು. ಆದರೆ ಹೋಗುವವರು ‘ಸಾಗರೋತ್ತರ ಚೀನೀಯರು’ ಎಂಬ ಹೆಸರಿನಲ್ಲಿ ಹೋಗಬೇಕಾಗಿತ್ತು. ಯಾವ ಮಾತನ್ನು ಒಪ್ಪಲಾರದೆ ದೇಶ ಬಿಟ್ಟರೋ ಆ ಮಾತಿಗೇ ಅರ್ಜಿಯ ಮೇಲೆ ಸಹಿ! ಇದು ಭೇಟಿಗೆ ಕೊಟ್ಟ ಬೆಲೆ. ಈ ಬೆಲೆ ಕೊಟ್ಟವನಿಗೆ ‘ಹೋಗಿದ್ದೆಯಲ್ಲ, ಅಲ್ಲಿ ಎಲ್ಲಾ ಸುಖವಾಗಿದೆ’ ಎನ್ನುವುದು ಎಂಥ ನ್ಯಾಯ?

ಈಗ ನಮ್ಮ ಕೇರಿಗೆ ಬರೋಣ. ಬಹಿಷ್ಕಾರ ಬಿದ್ದು, ಗುಡಿಸಲಿಗೆ ಬೆಂಕಿ ಬಿದ್ದು ಊರು ಬಿಟ್ಟವರಿಗೆ ಪಾಸ್‌ಪೋರ್ಟು ಇಲ್ಲ, ವೀಸಾ ಇಲ್ಲ. ಹಳ್ಳಿಯಿಂದ ಬನಹಟ್ಟಿಯ ಮಗ್ಗದ ಶೆಡ್ಡಿಗೋ ಜಮಖಂಡಿಯ ಬಾಡಿಗೆ ಕೋಣೆಗೋ ಬಂದವನನ್ನು ಯಾರೂ ನಿರಾಶ್ರಿತ ಎನ್ನುವುದಿಲ್ಲ. ದುಡಿಯಲು ಬಂದವನು ಎನ್ನುತ್ತಾರೆ. ಆದರೆ ದಲಿತರನ್ನು ಮನೆ, ಊರು ಬಿಡುವಂತೆ ಮಾಡುವುದು ಅಪರಾಧವೆಂದು 1989ರ ದೌರ್ಜನ್ಯ ತಡೆ ಕಾಯಿದೆ ಹೇಳುತ್ತದೆ. 2015ರ ತಿದ್ದುಪಡಿ ಸಾಮಾಜಿಕ ಬಹಿಷ್ಕಾರವನ್ನೂ ಅದಕ್ಕೆ ಸೇರಿಸಿತು. ಅಂದರೆ ದೇಶದ ಗಡಿ ದಾಟದೆಯೇ ಮನುಷ್ಯ ಪರದೇಶಿಯಾಗುತ್ತಾನೆಂದು ಕಾನೂನಿಗೂ ಗೊತ್ತಿದೆ.

ಅಂಥವನು ಜಾತ್ರೆಗೆ ಬಂದ ಅಂದುಕೊಳ್ಳಿ. ಅಗಸಿಯಲ್ಲೇ ಮಾತು ಶುರು: ‘ಬಂದಾನ ನೋಡ್ರಿ! ಊರಾಗ ಅಂಜಿಕಿ ಐತಿ ಅಂತ ಕೇಸ್ ಹಾಕಿದ್ನಲ್ಲ? ಯಾರರ ಏನರ ಅಂದ್ರೇನು?’ ಯಾರೂ ಏನೂ ಅನ್ನಲಿಲ್ಲ, ನಿಜ. ಅನ್ನುವ ಹಾಗೆ ಅವನು ನಡೆಯಲೂ ಇಲ್ಲ. ತಲೆ ತಗ್ಗಿಸಿದ, ಗುಡಿಯ ಮೆಟ್ಟಿಲು ಹತ್ತಲಿಲ್ಲ, ಬೇರೆ ಕಪ್ಪಿನಲ್ಲಿ ಕೊಟ್ಟ ಚಹಾ ಕುಡಿದು ಸುಮ್ಮನಾದ. ಅವ್ವನನ್ನು ನೋಡಿಹೋಗುವ ನಾಲ್ಕು ದಿನಕ್ಕೆ ಅವನು ತನ್ನ ಮಾತನ್ನು ಅಗಸಿಯ ಹೊರಗೆ ಇಟ್ಟು ಒಳಗೆ ಬಂದಿದ್ದಾನೆ. ಊರಿನವರು ಇದನ್ನು ಶಾಂತಿ ಎಂದು ಕರೆಯುತ್ತಾರೆ. ಇನ್ನು ಚಳವಳಿಯ ಒಳಗೂ ಸಿಟ್ಟಿದೆ: ‘ನಿನ್ನ ಸಲುವಾಗಿ ನಾವು ಧರಣಿ ಕುಂತ್ವಿ. ನೀ ಹೋಗಿ ಅವರ ಮುಂದ ನಿಂತಿ. ಕೇಸ್ ಏನಾಗಬೇಕು?’ ಈ ಸಿಟ್ಟಿಗೆ ಕಾರಣವಿದೆ. ಆದರೆ ಸಿಟ್ಟಿನ ದಾರಿ ತಪ್ಪಿದೆ. ಅದು ಬಹಿಷ್ಕಾರ ಹಾಕಿದವರನ್ನು ಬಿಟ್ಟು ಬಹಿಷ್ಕಾರ ಉಂಡವನ ಮೇಲೆ ಬೀಳುತ್ತದೆ.

ಹಾಗಾದರೆ ನಿಜವಾದ ಪರೀಕ್ಷೆ ಯಾವುದು? ಹರಿಯಾಣದ ಮಿರ್ಚಪುರ ಇದಕ್ಕೆ ಉತ್ತರ ಕೊಡುತ್ತದೆ. 2010ರ ಏಪ್ರಿಲ್ 21ರಂದು ಅಲ್ಲಿ ವಾಲ್ಮೀಕಿ ದಲಿತರ ಮನೆಗಳಿಗೆ ಬೆಂಕಿ ಇಟ್ಟರು. ಒಬ್ಬ ಮುದಿ ತಂದೆ, ನಡೆಯಲಾಗದ ಅವನ ಮಗಳು ಸುಟ್ಟು ಸತ್ತರು. 254 ಕುಟುಂಬಗಳು ಊರು ಬಿಟ್ಟವು. 2018ರ ಆಗಸ್ಟ್ 24ರಂದು ದೆಹಲಿ ಹೈಕೋರ್ಟು ತೀರ್ಪು ಕೊಡುವಾಗ ಒಂದು ಸಂಗತಿ ಗುರುತಿಸಿತು: ಊರಲ್ಲೇ ಉಳಿದವರು ವಿಚಾರಣೆಯಲ್ಲಿ ಪ್ರಾಸಿಕ್ಯೂಷನ್‌ ಪರ ನಿಲ್ಲಲಿಲ್ಲ, ಮರಳಿ ಹೋಗದವರು ನಿಂತರು. ಇದರ ಅರ್ಥ ಸರಳ. ಊರಲ್ಲಿ ಇರುವುದು ಬೇರೆ, ಊರಲ್ಲಿ ಬಾಯಿ ಬಿಡುವುದು ಬೇರೆ. ವರ್ಷವಿಡೀ ಅಲ್ಲೇ ಇದ್ದವರ ಇರವೇ ನಿರ್ಭಯಕ್ಕೆ ಸಾಕ್ಷಿಯಲ್ಲ. ನಾಲ್ಕು ದಿನ ಬಂದುಹೋದವನದು ಹೇಗೆ ಸಾಕ್ಷಿಯಾದೀತು?

ಆದ್ದರಿಂದ ‘ಹೋಗಿದ್ದೆಯೋ ಇಲ್ಲವೋ’ ಎಂದು ಕೇಳಬಾರದು. ಹೋದಲ್ಲಿ ಎಲ್ಲರ ಬಾವಿಗೆ ಕೊಡ ಇಳಿಸಿದೆಯಾ? ಕೋರ್ಟಿನಲ್ಲಿ ಹೇಳಿದ ಮಾತನ್ನೇ ಅಗಸಿಯಲ್ಲಿ ನಿಂತು ಹೇಳಬಲ್ಲೆಯಾ? ಹೇಳಿ, ರಾತ್ರಿ ಅಲ್ಲೇ ಮಲಗಬಲ್ಲೆಯಾ? ಹೌದೆಂದರೆ ಅಂಜಿಕೆ ಮುಗಿದಿದೆ. ಇಲ್ಲವೆಂದರೆ ಅವನು ಹೋದದ್ದು ಭೇಟಿಗೆ, ಮರಳಿದ್ದಲ್ಲ.

ಇನ್ನೂ ಒಂದು ಮಾತು. 1942ರ ಜುಲೈನಲ್ಲಿ ಅಂಬೇಡ್ಕರರ ಮುಂದಾಳುತನದಲ್ಲಿ ನಾಗಪುರದಲ್ಲಿ ಸೇರಿದ ಸಮಾವೇಶವು ದಲಿತರಿಗೆ ಪ್ರತ್ಯೇಕ ಹಳ್ಳಿಗಳು ಬೇಕೆಂದು ಠರಾವು ಮಾಡಿತು. ಊರು ಬಿಡುವುದೂ ಒಂದು ಹೋರಾಟವೇ. ಮಿರ್ಚಪುರದವರಿಗೆ ಸರಕಾರ ಬೇರೆ ಕಡೆ ವಸತಿ ಮಾಡಿಕೊಡಲು ಹೊರಟಾಗ ಅದೇ ಹೈಕೋರ್ಟು ಕೇಳಿತು: ಸಂವಿಧಾನ ಕೊಟ್ಟ ಸಮಾನತೆ, ಬಂಧುತ್ವಗಳ ಮಾತಿಗೆ ಇದು ಒಪ್ಪುತ್ತದೆಯೆ? ಎರಡೂ ನಮಗೆ ಬೇಕು: ಬಿಡುವ ಹಕ್ಕು, ಬಿಟ್ಟದ್ದರ ಮೇಲಿನ ಹಕ್ಕು. ಓಡಿಸಿದವನು ಓಡಿಹೋದವನ ಅವ್ವನ ಸಮಾಧಿಗೂ ಮಾಲೀಕನಾಗಬಾರದು. ಬೇವಿನ ಗಿಡ, ಬಿದ್ದ ಗೋಡೆ, ಹೂತ ಹಿರಿಯರು—ಇವನ್ನು ನೋಡಲು ಬಂದವನು ‘ಇದು ನಂದೂ ಹೌದು’ ಎಂದು ಬಾಯಿ ಬಿಡದೆ ಹೇಳಿಹೋಗುತ್ತಿದ್ದಾನೆ.

ಮೇಷ್ಟರಾಗಿರುವ, ಕಾರ್ಯಕರ್ತರಾಗಿರುವ ಗೆಳೆಯರು ಇಷ್ಟು ಮಾಡಲಿ. ಬಂದವನ ಹತ್ತಿರ ಕಾರಣ ಕೇಳುವ ಮೊದಲು ಬಸ್ಟ್ಯಾಂಡಿನಿಂದ ಕೇರಿಯತನಕ ಅವನ ಜೊತೆ ನಡೆಯಲಿ. ‘ಯಾಕ ಬಂದಿ?’ ಎಂದು ಕೇಳಿದವರನ್ನು ಅಲ್ಲೇ ನಿಲ್ಲಿಸಿ ಕೇಳಲಿ: ‘ಅಂವ ಯಾಕ ಹೋದ, ಅದನ್ನ ಮೊದಲ ಹೇಳ್ರಿ.’